ಅಳಿವೆಯಲ್ಲಿ ಗಾಳ, ದಂಡೆಯಲ್ಲಿ ಕೆಂಡ

ಭಾನುವಾರ ಬಿಡುವಿದೆ ಎಂದು ಮನೆಮಂದಿಯೆಲ್ಲ ಹೊರಟುಬಿಟ್ಟರೆ ಮೀನು ಸಿಗುವುದಿಲ್ಲ, ಭರತದ, ಅಂದರೆ ಸಮುದ್ರದ ನೀರು ಏರುವ, ವೇಳೆ ನೋಡಿಕೊಂಡು ಹೊರಡಬೇಕು. ನೀರು ಏರತೊಡಗಿದ ಮೇಲಿನ ಎರಡು-ಮೂರು ತಾಸು ಕಾಣೆ ಮೀನಿಗೆ ಒಳ್ಳೆಯ ಹೊತ್ತು. ಭರತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹಾಗಾಗಿ ಈ ಭಾನುವಾರ ಬೆಳಿಗ್ಗೆ ಏರುತ್ತಿದ್ದ ನೀರು ಮುಂದಿನ ಭಾನುವಾರ ಅದೇ ಹೊತ್ತಿಗೆ ಇಳಿಯುತ್ತಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಸೆಳೆತ ಜೋರು. ಮಕ್ಕಳಿದ್ದರೆ ಅಷ್ಟಮಿಯ ಆಸುಪಾಸು ಹೋಗಿ.

ಉತ್ತರ ಕನ್ನಡದ ಹೊಳೆಗಳಲ್ಲಿ ಕಾಳಿಯ ಕೋಡಿಬಾಗ, ಗಂಗಾವಳಿಯ ಮಂಜಗುಣಿ, ಅಘನಾಶಿನಿಯ ತದಡಿ, ಶರಾವತಿಯ ಕಾಸರಕೋಡು, ಎಲ್ಲಿಯಾದರೂ ಮರಳು ತಳ ಇರುವ ಜಾಗ ಹುಡುಕಿಕೊಳ್ಳಿ. ಅಳಿವೆಯ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿಯ, ತೀರಾ ತುದಿಗೆ ಮಾತ್ರ ಬೇಡ. ಇಳಿತ ಶುರುವಾದರೆ ಹೊಳೆಯ ನೀರೆಲ್ಲ ಅಲ್ಲಿಂದಲೇ ಹೊರಗೆ ನುಗ್ಗುತ್ತದೆ, ಮೊಣಕಾಲು ನೀರಿನಲ್ಲಿ ನಿಂತವರ ಕಾಲಡಿಯ ಮರಳೇ ಜಾರುತ್ತದೆ. ಕಾರವಾರದ ಬಳಿಯ ಅರ್ಗಾದ ನೌಕಾನೆಲೆಯ ಕಡೆ ಗಾಳ ಹಿಡಿದು ತಿರುಗಬೇಡಿ. ಮಳೆಗಾಲದ ಮಾತೇ ಇಲ್ಲ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಸಮುದ್ರ ಶಾಂತ.

ಕಾಣೆಗೆ ದುಬಾರಿ ರಾಡು, ರೀಲು ಬೇಕಿಲ್ಲ. 0.30 ಮಿಲಿಮೀಟರ್ ತಂಗೂಸನ್ನು (ನೈಲಾನ್ ದಾರ) ಖಾಲಿ ನೀರಿನ ಬಾಟಲಿಗೆ ಸುತ್ತಿಕೊಂಡರೆ ಸಾಕು. ತುದಿಗೆ 20-30 ಗ್ರಾಮಿನ ಸೀಸ, ಅದರಿಂದ ಒಂದು ಗೇಣು ಮೇಲೆ ಒಂದು, ಇನ್ನೊಂದು ಗೇಣು ಮೇಲೆ ಮತ್ತೊಂದು ಗಾಳ, ಎರಡೂ 8 ಅಥವಾ 10ನೇ ನಂಬರಿನವು. ಅಂಗಡಿಯವರು ದೊಡ್ಡ ಗಾಳ ಕೊಡಲು ನೋಡುತ್ತಾರೆ, ತೆಗೆದುಕೊಳ್ಳಬೇಡಿ. ಕಾಣೆಯ ಬಾಯಿ ಚಿಕ್ಕದು, ದೊಡ್ಡ ಗಾಳಕ್ಕೆ ಅದು ಎರೆಯನ್ನಷ್ಟೇ ಚೀಪಿ ಹೋಗುತ್ತದೆ. ಎರೆಗೆ ತಾಜಾ ಶೆಟ್ಲಿ (ಸೀಗಡಿ). ಸಿಪ್ಪೆ ಸುಲಿದು, ಉಗುರಿನಷ್ಟು ತುಂಡು ಮಾಡಿ, ಗಾಳದ ಬಾಗು ಮುಚ್ಚಿ ಮೊನೆ ಮಾತ್ರ ಕಾಣುವಂತೆ ಪೋಣಿಸಬೇಕು. ಜೋತಾಡುವ ತುಂಡನ್ನು ಏಡಿ ಕಿತ್ತುಕೊಳ್ಳುತ್ತದೆ.

ಎಸೆದ ಮೇಲೆ ತಂಗೂಸನ್ನು ಬಿಗಿಯಾಗಿಟ್ಟು ತೋರುಬೆರಳ ಮೇಲೆ ಹಾಯಿಸಿಕೊಳ್ಳಿ. ಮೊದಲು ಟಕ್ ಟಕ್ ಎಂದು ಸಣ್ಣಗೆ ಕುಟುಕುತ್ತದೆ. ಆಗಲೇ ಜಗ್ಗಿದರೆ ಬರಿ ಗಾಳ ಕೈಗೆ. ಬೆರಳು ಎಳೆದಂತಾದಾಗ ಮೆಲ್ಲಗೆ ಎತ್ತಿದರೆ ಸಾಕು.

ಗಾಳಕ್ಕೆ ಬಿದ್ದದ್ದೆಲ್ಲ ಕಾಣೆಯಲ್ಲ. ಮೀಸೆ ಇರುವ ಸಾಂಗಟ ಬಂದರೆ ಬರಿಗೈಲಿ ಹಿಡಿಯಬೇಡಿ, ಬೆನ್ನಿನದೊಂದು, ಪಕ್ಕದ ಎರಡು ಮುಳ್ಳಿಗೆ ನಂಜಿದೆ. ಚುಚ್ಚಿದರೆ ತಾಳುವಷ್ಟು ಬಿಸಿ ನೀರಿನಲ್ಲಿ ಅರ್ಧದಿಂದ ಒಂದೂವರೆ ತಾಸು ಅದ್ದಿಟ್ಟುಕೊಂಡರೆ ನೋವು ಇಳಿಯುತ್ತದೆ. ಮುರಿದ ಮುಳ್ಳು ಒಳಗೆ ಉಳಿದರೆ ಆಸ್ಪತ್ರೆಯೇ. ಮುಟ್ಟಿದರೆ ಬಲೂನಿನಂತೆ ಉಬ್ಬುವ ಮೀನನ್ನು ಎಷ್ಟು ಬೇಯಿಸಿದರೂ ವಿಷ ಹೋಗುವುದಿಲ್ಲ.

ಗಾಳವನ್ನೇ ನಂಬಿ ಎಲ್ಲರನ್ನೂ ಹಸಿವಿನಲ್ಲಿ ಕೂರಿಸುವುದು ಜಾಣತನವಲ್ಲ. ಬೆಳಿಗ್ಗೆಯೇ ಪೇಟೆಯಿಂದ ಒಂದು ಕಿಲೋ ಬಂಗುಡೆ ತಂದಿಟ್ಟುಕೊಳ್ಳಿ, ಅದರಷ್ಟೇ ತೂಕದ ಐಸಿನಲ್ಲಿ. ಬಂಗುಡೆ ಬಿಸಿಲಿಗೆ ಕೂತರೆ ಅದರಲ್ಲಿ ಹಿಸ್ಟಮಿನ್ ಎಂಬ ನಂಜು ಕಟ್ಟುತ್ತದೆ, ಸುಟ್ಟರೂ ನಾಶವಾಗುವುದಿಲ್ಲ. ತಿಂದಾಗ ನಾಲಿಗೆ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ.

ಬೆಂಕಿಗೆ ತೆಂಗಿನ ಗರಟೆಯೇ ಸರಿ, ಒಂದು ಕಿಲೋ ಮೀನಿಗೆ 30 ಹೋಳು. ಮಧ್ಯಾಹ್ನದ ಮೇಲೆ ಗಾಳಿ ಸಮುದ್ರದಿಂದ ಬೀಸುವುದರಿಂದ ಪಡುವಣ ಬದಿಗೆ ಒಣ ಚಿರೆಕಲ್ಲು ಅಡ್ಡ ಇಡಿ. ಅಲೆಯಿಂದ ಎತ್ತಿದ ಒದ್ದೆ ಕಲ್ಲು ಕಾದರೆ ಸಿಡಿಯಬಹುದು. ಗಾಳಿಮರದ ತೋಪಿನ ಒಳಗೆ ಬೆಂಕಿ ಹಾಕಲೇಬೇಡಿ, ಒಣಗಿದ ಎಲೆ ಗಪ್ಪೆಂದು ಹತ್ತಿಕೊಳ್ಳುತ್ತದೆ.

ಗರಟೆಯ ಉರಿ ಆರಿ, ಕೆಂಡದ ಮೇಲೆ ಬಿಳಿ ಬೂದಿ ಕಟ್ಟಲು 20 ನಿಮಿಷ. ಅವಸರದವರು ಉರಿಯ ಮೇಲೇ ಇಟ್ಟು ಹೊರಗೆ ಕರಿ, ಒಳಗೆ ಹಸಿ ಮಾಡುತ್ತಾರೆ. ಮೀನು ಸುಡುವ ಕಬ್ಬಿಣದ ಜಾಲಿಯ ಮೇಲೆ ಗೇಣೆತ್ತರದಲ್ಲಿ ಅಂಗೈ ಹಿಡಿದು ಮೂರು-ನಾಲ್ಕು ಎಣಿಸುವಷ್ಟು ತಾಳಿದರೆ ಹದ. ಗರಟೆಯ ಕೆಂಡ ಬೇಗ ಸೋಲುತ್ತದೆ, ಮೀನು ಮೊದಲೇ ತಯಾರಿರಲಿ.

ಕಾಣೆಗೆ ಉಪ್ಪು, ಅರಿಶಿನ, ಕಾಳುಮೆಣಸಿನ ಪುಡಿ ಸಾಕು, ಅದಕ್ಕೆ ಮಸಾಲೆ ಮೆತ್ತುವುದು ಮೀನಿಗೆ ಮಾಡುವ ಅನ್ಯಾಯ. ಬಂಗುಡೆಗೆ 12 ಬ್ಯಾಡಗಿ ಮೆಣಸು, 6 ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಅರಿಶಿನ, ನೆನೆಸಿದ 6-7 ಮುರುಗಲು (ಪುನರ್ಪುಳಿ) ಸಿಪ್ಪೆ, 15 ಗ್ರಾಂ ಉಪ್ಪು ಗಟ್ಟಿಯಾಗಿ ಅರೆದು, ಎರಡೂ ಬದಿಗೆ ಮೂರು ಗೀರು ಹಾಕಿ ಸವರಿ. ಕಾಯಿತುರಿ ಬೇಡ, ಸೀಯುತ್ತದೆ. ಅರ್ಧ ತಾಸಿಗಿಂತ ಹೆಚ್ಚು ನೆನೆಸಿದರೆ ಹುಳಿಗೆ ಮಾಂಸ ಪುಡಿಪುಡಿಯಾಗುತ್ತದೆ.

ಮೀನು ಜಾಲಿಗೆ ಅಂಟುವುದಕ್ಕೆ ಮೂರೇ ಕಾರಣ: ಜಾಲಿ ಕಾದಿಲ್ಲ, ಚರ್ಮ ಒದ್ದೆ ಇದೆ, ಬೇಗ ತಿರುವಿದ್ದೀರಿ. ಜಾಲಿಯನ್ನು ಐದು ನಿಮಿಷ ಕಾಯಿಸಿ ಎಣ್ಣೆ ಸವರಿ, ಮೀನು ಇಟ್ಟು ಸುಮ್ಮನಿರಿ. ಚರ್ಮ ಗಟ್ಟಿಯಾದ ಮೇಲೆ ತಾನೇ ಬಿಡುತ್ತದೆ. ಗೇಣುದ್ದದ ಕಾಣೆಗೆ ಬದಿಗೆ ಮೂರು ನಿಮಿಷ, ಬಂಗುಡೆಗೆ ಐದಾರು. ತಲೆಯ ಹಿಂದಿನ ದಪ್ಪ ಭಾಗದಲ್ಲಿ ಮಾಂಸ ಮುಳ್ಳು ಬಿಟ್ಟು ಬಂದರೆ ಬೆಂದಿದೆ. ಬಂಗುಡೆಯ ಎಣ್ಣೆ ತೊಟ್ಟಿಕ್ಕಿ ಉರಿ ಎದ್ದರೆ ನೀರು ಚಿಮುಕಿಸಬೇಡಿ, ಬೂದಿ ಹಾರಿ ಮೀನಿಗೆ ಅಂಟುತ್ತದೆ. ಜಾಲಿಯನ್ನೇ ಪಕ್ಕಕ್ಕೆ ಸರಿಸಿ.

ಕತ್ತಲಾಗುವ ಮೊದಲು ಜಾಗ ಬಿಡಿ. ಚಳಿಗಾಲದಲ್ಲಿ ಈ ದಂಡೆಗಳಿಗೆ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ, ಬೆಳಕು ಕಂಡರೆ ಹಿಂದಿರುಗುತ್ತದೆ. ಕೆಂಡದ ಮೇಲೆ ಮರಳು ಮುಚ್ಚಿ ಹೋಗುವುದು ದೊಡ್ಡ ತಪ್ಪು. ಅಡಿಯಲ್ಲಿ ತಾಸುಗಟ್ಟಲೆ ಬಿಸಿ ಉಳಿದು ಬರಿಗಾಲಲ್ಲಿ ಬಂದವರ ಪಾದ ಸುಡುತ್ತದೆ. ಎರಡು ಕೊಡ ನೀರು ಸುರಿದು, ಕೆದಕಿ, ಮತ್ತೊಮ್ಮೆ ಸುರಿಯಿರಿ.