ಓದು ಅಂತಾರೆ, ಎಲ್ಲಿ ಕೂತು ಓದಬೇಕು?

ಬಡ ಮಕ್ಕಳ ಮಾತು ಬಂದಾಗೆಲ್ಲ ಜನ ಹೇಳೋದು ಒಂದೇ, ಚೆನ್ನಾಗಿ ಓದಿದರೆ ಎಲ್ಲ ಸರಿ ಹೋಗುತ್ತೆ ಅಂತ. ನಿಜ. ಆದರೆ ಎಲ್ಲಿ ಕೂತು ಓದಬೇಕು, ರಾತ್ರಿ ಪುಸ್ತಕ ಎಲ್ಲಿಡಬೇಕು ಅಂತ ಯಾರೂ ಕೇಳಲ್ಲ.

ನಮ್ಮದು ಯಾದಗಿರಿ ಕಡೆ. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ನಮ್ಮನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಬಂದರು. ಕಟ್ಟಡದ ಕೆಲಸ ಇರುವವರೆಗೆ ಪಕ್ಕದಲ್ಲೇ ತಗಡಿನ ಶೆಡ್ಡು, ಕೆಲಸ ಮುಗಿದರೆ ಶೆಡ್ಡೂ ಇಲ್ಲ. ಅಪ್ಪ ತೀರಿಕೊಂಡ ಮೇಲಂತೂ ಇನ್ನೊಂದು ಕಡೆ ಕೆಲಸ ಸಿಗುವವರೆಗೆ ಫ್ಲೈಓವರ್ ಕೆಳಗೆ, ರೈಲ್ವೆ ಸ್ಟೇಷನ್ನಿನಲ್ಲಿ ಮಲಗಿದ್ದೂ ಇದೆ. ಪುಸ್ತಕಗಳನ್ನು ಸಿಮೆಂಟ್ ಚೀಲದಲ್ಲಿ ಸುತ್ತಿ ತಲೆ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ತಮ್ಮನನ್ನು ನೋಡಿಕೊಳ್ಳೋಕೆ ಅಕ್ಕ ಆರನೇ ಕ್ಲಾಸಿಗೇ ಶಾಲೆ ಬಿಟ್ಟಳು. ಲೆಕ್ಕದಲ್ಲಿ ನನಗಿಂತ ಚುರುಕು ಅವಳು. ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಹೊಸ ಏರಿಯಾದ ಶಾಲೆಗೆ ಹೋದರೆ ಟಿಸಿ ತನ್ನಿ ಅಂತ ವಾಪಸ್ ಕಳಿಸಿದರು. ಅವ್ವ ಕೂಲಿ ಬಿಟ್ಟು ಊರಿಗೆ ಓಡಾಡಿ ತರುವಷ್ಟರಲ್ಲಿ ಅರ್ಧ ವರ್ಷ ಹೋಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ತಡವಾಯಿತು ಅಂತಲೋ, ವಯಸ್ಸಿನ ದಾಖಲೆ ಇಲ್ಲ ಅಂತಲೋ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ನಡುವೆ ಶಾಲೆ ಬಿಟ್ಟ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಇದನ್ನೆಲ್ಲ ಓದು ಬರಹ ಬಾರದ ಅವ್ವನಿಗೆ ಯಾರು ಹೇಳಬೇಕಿತ್ತು?

ನಮ್ಮ ಕೈ ಹಿಡಿದಿದ್ದು ಒಬ್ಬ ಮೇಷ್ಟ್ರು. ತಾವೇ ನಾಡಕಚೇರಿಗೆ ಬಂದು ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ, ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರ ನಡೆಸುವ ಬಿಸಿಎಂ ಹಾಸ್ಟೆಲ್ಲಿಗೆ ಅರ್ಜಿ ಬರೆದುಕೊಟ್ಟರು. ಹಾಸ್ಟೆಲ್ಲಿನಲ್ಲಿ ನನ್ನದು ಅಂತ ಒಂದು ಟ್ರಂಕು, ಅದಕ್ಕೊಂದು ಬೀಗ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೇ ಸ್ನಾನ, ಊಟ, ನಿದ್ದೆ. ಮೂರು ಹೊತ್ತು ಊಟ, ರಾತ್ರಿ ಲೈಟು, ನಾಳೆ ಎಲ್ಲಿ ಮಲಗಬೇಕೋ ಅನ್ನೋ ಭಯ ಇಲ್ಲ. ಪಾಠ ತಲೆಗೆ ಹತ್ತೋಕೆ ಶುರುವಾಗಿದ್ದೇ ಆಗ. ಡಿಗ್ರಿಯಲ್ಲಿ ಹಾಸ್ಟೆಲ್ ಸೀಟು ಸಿಗಲಿಲ್ಲ. ಹಾಸ್ಟೆಲ್ ಸಿಗದವರಿಗೆ ಸರ್ಕಾರ ಹಣ ಕೊಡುವ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಬರುತ್ತಿತ್ತು, ಬೆಂಗಳೂರಲ್ಲಿ ಅಷ್ಟಕ್ಕೆ ಊಟ, ರೂಮು ಎರಡೂ ಆಗುತ್ತಾ? ಸಂಜೆ ಅಂಗಡಿ ಕೆಲಸ ಮಾಡಿ ಮಿಕ್ಕಿದ್ದು ಹೊಂದಿಸಿಕೊಂಡೆ.

ಈಗ ನನಗೆ ಕೆಲಸ ಇದೆ, ಅವ್ವ ನನ್ನ ಜೊತೆಗಿದ್ದಾಳೆ. ಅಕ್ಕ ಮದುವೆಯಾದ ಮೇಲೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದಳು.

ನಿಮ್ಮ ಮನೆ ಹತ್ತಿರ ಕಟ್ಟಡ ಏಳುತ್ತಿದ್ದರೆ ಅಲ್ಲಿನ ಮಕ್ಕಳು ಶಾಲೆಗೆ ಹೋಗ್ತಿದ್ದಾರಾ ಕೇಳಿ. ಇಲ್ಲ ಅಂದರೆ ಹತ್ತಿರದ ಸರ್ಕಾರಿ ಶಾಲೆಗೆ ಆ ತಾಯಿಯ ಜೊತೆ ನೀವೂ ಹೋಗಿ. ಮಗು ಒಂಟಿಯಾಗಿ ಬೀದಿಯಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಾಸ್ಟೆಲ್ ಅರ್ಜಿ ತುಂಬೋಕೆ ಬಾರದವರಿಗೆ ತುಂಬಿಕೊಡಿ, ಅರ್ಧ ಗಂಟೆಯ ಕೆಲಸ ಅಷ್ಟೇ.