ಹೊಂಡಕ್ಕೆ ಸಗಣಿ ಸುರಿಯುವ ಮೊದಲು ನೀರಿಗೆ ಕೈ ಹಾಕಿ

ಗೆಂಡೆ ಸಾಕುವ ಹೊಂಡಕ್ಕೆ ಹಾಕುವ ಸಗಣಿಯನ್ನು ಮೀನಿನ ಮೇವು ಎಂದುಕೊಂಡವರೇ ಹೆಚ್ಚು. ಅದು ಗದ್ದೆಗೆ ಹೊಡೆಯುವ ಗೊಬ್ಬರದಂತೆಯೇ. ಇಲ್ಲಿನ ಬೆಳೆ ಬರಿಗಣ್ಣಿಗೆ ಕಾಣದ ಪಾಚಿ. ಸಗಣಿ ಕೊಳೆತು ಬಿಟ್ಟ ಸಾರಜನಕ, ರಂಜಕ ಹೀರಿಕೊಂಡು ಪಾಚಿ ಬಿಸಿಲಿನಲ್ಲಿ ಬೆಳೆಯುತ್ತದೆ, ಅದನ್ನು ಪ್ರಾಣಿಪ್ಲವಕ, ಅಂದರೆ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳು, ತಿನ್ನುತ್ತದೆ. ಮೇಲ್ಪದರದಲ್ಲಿ ಕಾಟ್ಲಾ ಆ ಪ್ಲವಕವನ್ನು ಸೋಸಿ ತಿನ್ನುತ್ತದೆ. ನಡುನೀರಿನ ರೋಹುಗೆ ಪಾಚಿ, ಕೊಳೆತ ಎಲೆ. ಮೃಗಾಲ್ ತಳ ಕೆದಕುತ್ತದೆ. ಒಂದರ ಊಟಕ್ಕೆ ಇನ್ನೊಂದು ಅಷ್ಟಾಗಿ ಬಾಯಿ ಹಾಕದ್ದರಿಂದಲೇ ಎಕರೆಗೆ ಸುಮಾರು 2000 ಬೆರಳುದ್ದದ ಮರಿಗಳನ್ನು ಕಾಟ್ಲಾ, ರೋಹು, ಮೃಗಾಲ್ 4:3:3ರ ಲೆಕ್ಕದಲ್ಲಿ ಬಿಡುವುದು. ಬೇಗ ದಪ್ಪವಾಗುತ್ತದೆಂದು ಕಾಟ್ಲಾವನ್ನೇ ತುಂಬಿದರೆ ಮೇಲೆ ಹಸಿವು, ತಳದಲ್ಲಿ ಕೊಳೆ.

ಒಂದನ್ನೊಂದು ತಿನ್ನುವ ಈ ಸರಪಳಿಯಲ್ಲಿ ಒಂದು ಹಂತದಿಂದ ಮೇಲಿನದಕ್ಕೆ ಶಕ್ತಿ ದಾಟುವುದು ಸುಮಾರು ಹತ್ತರಲ್ಲೊಂದು ಪಾಲು. ಮುರ್ರೆಲ್‌ನಂಥ ಬೇಟೆ ಮೀನು ಹೊಂಡದಲ್ಲಿ ಉಳಿದರೆ ಇನ್ನೊಂದು ಹಂತ ಸೇರಿತು, ಮರಿಯೂ ಹೋಯಿತು. ಆದ್ದರಿಂದ ಮೊದಲು ಹೊಂಡ ಒಣಗಿಸಿ.

ಸುಣ್ಣ ಎಕರೆಗೆ 80–100 ಕಿಲೊ. ಮಣ್ಣು ಹುಳಿಯಾಗಿದ್ದರೆ ಹೆಚ್ಚು ಬೇಕು. ವಾರ ಬಿಟ್ಟು ಹಸಿ ಸಗಣಿ 800–1000 ಕಿಲೊ, ಆಮೇಲೆ ಹತ್ತು-ಹದಿನೈದು ದಿನಕ್ಕೆ ಮರಿ. ನಂತರ ತಿಂಗಳಿಗೆ ಸುಮಾರು 300 ಕಿಲೊ, ಅದನ್ನೂ ಎರಡು ಕಂತಿನಲ್ಲಿ. ಟ್ರ್ಯಾಕ್ಟರ್ ಹೇಗೂ ಬಂದಿದೆ ಎಂದು ವರ್ಷದ್ದನ್ನೆಲ್ಲ ಒಂದೇ ದಿನ ಸುರಿಯುವುದೇ ನಮ್ಮ ಕಡೆಯ ದೊಡ್ಡ ತಪ್ಪು.

ಪ್ರತಿ ಕಂತಿಗೂ ಮುಂಚೆ, ಬಿಸಿಲಿದ್ದಾಗ, ಮೊಣಕೈವರೆಗೆ ಕೈ ಮುಳುಗಿಸಿ. ಅಂಗೈ ಆಗಷ್ಟೇ ಮಸುಕಾದರೆ ನೀರು ಹದವಾಗಿದೆ. ಇನ್ನೂ ಸ್ಪಷ್ಟವಾಗಿ ಕಂಡರೆ ಗೊಬ್ಬರ ಬೇಕು. ಮುಂಗೈ ನಡುವಿಗೇ ಅಂಗೈ ಮರೆಯಾದರೆ ಸಗಣಿ ನಿಲ್ಲಿಸಿ. ಕೆಸರಿನಿಂದ ಕದಡಿದ ನೀರಿನಲ್ಲಿ ಮಾತ್ರ ಈ ಪರೀಕ್ಷೆ ನಂಬಬೇಡಿ, ಬಣ್ಣ ಹಸಿರಿರಬೇಕು.

ಹೆಚ್ಚು ಹಸಿರಾದರೆ ಏನು ತೊಂದರೆ? ಹಗಲು ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಪಾಚಿ, ಮೀನು, ಸಗಣಿ ಕೊಳೆಸುವ ಬ್ಯಾಕ್ಟೀರಿಯಾ ಎಲ್ಲವೂ ಅದನ್ನೇ ಉಸಿರಾಡುತ್ತವೆ. ಸೂರ್ಯ ಹುಟ್ಟುವ ಮುಂಚೆ ಅದು ಅತಿ ಕಡಿಮೆ. ಎರಡು-ಮೂರು ದಿನ ಮೋಡ ಕವಿದರೆ ಹಗಲಿನ ಗಳಿಕೆಯೂ ಇಲ್ಲ. ಮೀನು ಸಾಯುವುದು ಇಂಥ ಬೆಳಗಿನಲ್ಲಿ. ರೋಗವೆಂದು ಔಷಧಿ ಹುಡುಕಿಕೊಂಡು ಹೋಗುತ್ತಾರೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿದ್ದರೆ ಪಂಪ್ ಹಾಕಿ ನೀರನ್ನು ಎತ್ತರದಿಂದ ಚಿಮ್ಮಿಸಿ, ಆ ದಿನ ತೌಡು-ಹಿಂಡಿಯನ್ನೂ ಕೊಡಬೇಡಿ. ಸಗಣಿಯ ಮುಂದಿನ ಕಂತು ಅಂಗೈ ಮತ್ತೆ ಕಂಡ ಮೇಲೆ.