ಅತ್ತೆಯ ಮಾತಿಗೆ ಮಾವ ಜೊತೆಯಾಗುವ ರೀತಿ

ಭಾನುವಾರ ಅತ್ತೆಯ ಮನೆಯಲ್ಲಿ ಕೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

"ನಾಳೆ ಆ... ಅವನಿಗೆ..." ಅಂದರು ಅತ್ತೆ.

"ಹಾಲಿನವನಿಗಾ?" ಮಾವ ಕೇಳಿದರು.

"ಅಲ್ಲ. ಮೇಲೆ... ಮೇಲೆ..."

"ತೆಂಗಿನಕಾಯಿ ಕೀಳೋನಿಗಾ?"

"ಹ್ಞಾಂ! ಅವನಿಗೆ ನಾಳೆ..."

"ಬರೋಕೆ ಹೇಳ್ತೀನಿ ಬಿಡಮ್ಮ" ಅಂತ ಮಗ ಆಗಲೇ ಫೋನ್ ತೆಗೆದಿದ್ದ. ಮಾವ ಕೈ ಅಡ್ಡ ಹಿಡಿದು ಅತ್ತೆಯ ಮುಖ ನೋಡಿದರು. ಎಷ್ಟೋ ಹೊತ್ತು ಸುಮ್ಮನಿದ್ದರು.

"...ಬೇಡ" ಅಂದರು ಅತ್ತೆ. "ಮಳೆ."

ಸ್ಟ್ರೋಕ್ ಆದಮೇಲೆ ಅತ್ತೆಗೆ ಬೇಕಾದ ಪದ ಸಿಗುವುದಿಲ್ಲ. ಇದಕ್ಕೆ ಅಫೇಸಿಯಾ ಅನ್ನುತ್ತಾರೆ. ಬುದ್ಧಿ ಎಲ್ಲೂ ಹೋಗಿಲ್ಲ. ನೆಲ ಜಾರುತ್ತೆ, ಮರ ಹತ್ತಿಸಬಾರದು ಅನ್ನುವಷ್ಟು ಯೋಚನೆ ಆ ಒಂದು ಪದದ ಹಿಂದೆ ಇತ್ತು. ಮಗ ಅದನ್ನು ತಿರುಗಾ ಮುರುಗಾ ಮಾಡಿಬಿಡುತ್ತಿದ್ದ. ಅವನು ಒಳ್ಳೆಯವನೇ, ಅಮ್ಮನಿಗೆ ಕಷ್ಟ ಆಗಬಾರದು ಅಂತಲೇ ಆತುರ ಪಡುತ್ತಾನೆ. ಆದರೆ ನಮ್ಮ ಮಾತಿನಲ್ಲಿ ಬೇಕು, ಬೇಡ, ಬರಲಿ, ಬಿಡಲಿ ಎಲ್ಲ ಇರುವುದು ಕೊನೆಯಲ್ಲಿ. ಕೊನೆಯನ್ನು ಕಿತ್ತುಕೊಂಡರೆ ತೀರ್ಮಾನವನ್ನೇ ಕಿತ್ತುಕೊಂಡ ಹಾಗೆ, ಅಲ್ವಾ?

ಮಾವ ತುಂಬಿಸಿದ ಪದಗಳನ್ನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತಿದ್ದೇನೆ. ಹಾಲಿನವನಿಗಾ? ಕಾಯಿ ಕೀಳೋನಿಗಾ? ಪ್ರತಿಯೊಂದೂ ಪ್ರಶ್ನೆಯೇ. ಹೌದು, ಅಲ್ಲ ಅನ್ನುವ ಹಕ್ಕು ಅತ್ತೆಯ ಹತ್ತಿರವೇ ಉಳಿಯಿತು.

ಅಮೆರಿಕದ ಚಾರ್ಲ್ಸ್ ಗುಡ್ವಿನ್ ಎಂಬ ವಿದ್ವಾಂಸರು ಇಂಥದ್ದನ್ನೇ ವರ್ಷಗಟ್ಟಲೆ ನೋಡಿ ಬರೆದಿದ್ದಾರೆ. ಅವರ ತಂದೆ ವಕೀಲರು. 1979ರಲ್ಲಿ ಸ್ಟ್ರೋಕ್ ಆಗಿ ಆ ತಂದೆಯ ಬಾಯಲ್ಲಿ ಉಳಿದದ್ದು ಮೂರೇ ಪದ: ಹೌದು, ಇಲ್ಲ, ಮತ್ತು. ಆದರೂ ಅವರು ಹರಟುತ್ತಿದ್ದರು, ವಾದ ಮಾಡುತ್ತಿದ್ದರು. ಸುತ್ತ ಇದ್ದವರು ಪದ ಕೊಡುತ್ತಿದ್ದರು. ತಂದೆ ದನಿಯ ಏರಿಳಿತ, ಕೈಸನ್ನೆ, ಆ ಮೂರು ಪದ ಇಟ್ಟುಕೊಂಡು ಇದು ಸರಿ, ಅದು ತಪ್ಪು ಅಂತ ಮಾತನ್ನು ತಮಗೆ ಬೇಕಾದ ಕಡೆಗೆ ತಿರುಗಿಸುತ್ತಿದ್ದರು. ಮಾತು ಒಬ್ಬರ ತಲೆಯಲ್ಲಿ ಪೂರ್ತಿ ತಯಾರಾಗಿ ಹೊರಗೆ ಬರುತ್ತೆ ಅಂತ ನಂಬಿದವರಿಗೆ ಇದು ಅರ್ಥವಾಗುವುದಿಲ್ಲ.

ಕಷ್ಟ ಇರುವುದು ಕಾಯುವುದರಲ್ಲಿ. ಬೇರೆ ಬೇರೆ ದೇಶಗಳ ಹತ್ತು ಭಾಷೆಗಳನ್ನು ಹೋಲಿಸಿದ 2009ರ ಒಂದು ಅಧ್ಯಯನದಲ್ಲಿ, ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಮಾತ್ರ ಇತ್ತು. ಅಷ್ಟು ಚುರುಕಿಗೆ ಒಗ್ಗಿದ ನಮಗೆ ಅತ್ತೆ ಪದ ಹುಡುಕುವ ಹೊತ್ತು ಯುಗದಂತೆ ಕಾಣುತ್ತೆ. ಮಧ್ಯೆ ಬಾಯಿ ಹಾಕಿಬಿಡುತ್ತೇವೆ.

ಸಂಜೆ ಮಾವ ಯಾವುದೋ ಮಾತಿಗೆ "ಕೈ ಕೆಸರಾದರೆ..." ಅಂದರು. "ಬಾಯಿ ಮೊಸರು!" ಅಂದರು ಅತ್ತೆ, ಒಂಚೂರೂ ತಡವರಿಸದೆ. ಗಾದೆ, ದೇವರನಾಮ, ಎಣಿಕೆಯಂಥ ಬಾಯಿಪಾಠದ ಮಾತು ಅಫೇಸಿಯಾದಲ್ಲೂ ಎಷ್ಟೋ ಸಲ ಉಳಿದಿರುತ್ತೆ. ಥೆರಪಿಯಲ್ಲೂ ಇದನ್ನು ಬಳಸುತ್ತಾರೆ. ಮಾವನಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಹೆಂಡತಿಯ ಜೊತೆ ಮಾತಾಡುವ ಆಸೆ ಅವರಿಗೆ, ಅಷ್ಟೇ.

ಮುಂದಿನ ವಾರ ಅತ್ತೆಯನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗುತ್ತಾರೆ. ಮಗ ಹೊರಗೆ ಕಾಯುವುದು ಬೇಡ, ಒಳಗೇ ಕೂತು ಎಲ್ಲ ಕೇಳಿಸಿಕೊಳ್ಳಲಿ ಅಂತ ಹೇಳಿದ್ದೇನೆ. ಒಪ್ಪಿದ್ದಾನೆ.